ದೇವರಿಲ್ಲದ ಧರ್ಮನಿಷ್ಠೆ

1842ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಚರ್ಚಿಗೆ ಹೋಗಲೊಲ್ಲೆನೆಂದು ತಂದೆಯ ವಿರಸಕ್ಕೆ ಪಾತ್ರಳಾದ ಮೇರಿ ಆನ್ ಇವಾನ್ಸ್, ಕೆಲವು ತಿಂಗಳ ತರುವಾಯ ಪಿತೃಪ್ರೇಮಕ್ಕೆ ಮಣಿದು ಆರಾಧನೆಗೆ ಮರಳಿದಳಾದರೂ, ಕಳೆದ ಶ್ರದ್ಧೆ ಮರಳಲಿಲ್ಲ. ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಕಾದಂಬರಿಗಾರ್ತಿಯಾಗಿ ಪ್ರಖ್ಯಾತಳಾದ ಈಕೆ, 1854ರಲ್ಲಿ ಜರ್ಮನ್ ತತ್ತ್ವಜ್ಞ ಫಾಯರ್‌ಬಾಖನ ಕ್ರೈಸ್ತಧರ್ಮವಿಮರ್ಶೆಯನ್ನು ಇಂಗ್ಲಿಷಿಗೆ ತಂದು, ದೇವರನ್ನು ತೊರೆದರೂ ದಯೆ, ತ್ಯಾಗ, ಕರ್ತವ್ಯಗಳು ಮಾನವಹೃದಯದಲ್ಲಿಯೇ ನೆಲೆಗೊಳ್ಳಬಲ್ಲವೆಂದು ನಂಬಿದಳು. 1888ರಲ್ಲಿ ಬರೆದ ‘ವಿಗ್ರಹಗಳ ಮುಸ್ಸಂಜೆ’ಯಲ್ಲಿ ತತ್ತ್ವಜ್ಞ ನೀಚೆಯು ಆಕೆಯನ್ನೇ ಹೆಸರಿಸಿ ಆಕ್ಷೇಪಿಸಿದನು: ಕ್ರೈಸ್ತಮತವು ಒಂದು ಅಖಂಡ ವ್ಯವಸ್ಥೆ, ಅದರ ಮೂಲವಿಶ್ವಾಸವನ್ನು ಕಿತ್ತೆಸೆದವರಿಗೆ ಅದರ ನೀತಿಯ ಮೇಲೂ ಅಧಿಕಾರವುಳಿಯದು. ತರ್ಕವು ನಿಷ್ಠುರವಾದರೂ ಪ್ರಾಮಾಣಿಕವಾದುದೇ. ಆದರೂ 1849ರಲ್ಲಿ ತಂದೆ ತೀರುವವರೆಗೂ ಆತನನ್ನು ಶುಶ್ರೂಷಿಸಿದವಳ ಕರ್ತವ್ಯನಿಷ್ಠೆಯನ್ನು ಎರವಿನದೆನ್ನಲು ನನ್ನ ಮನಸ್ಸೊಪ್ಪದು. 1958ರಲ್ಲಿ ಕ್ಯಾಥೊಲಿಕ್ ತತ್ತ್ವಜ್ಞೆ ಎಲಿಸಬೆತ್ ಆನ್ಸ್‌ಕೋಂಬ್, ದೈವೀ ಶಾಸಕನನ್ನು ಕೈಬಿಟ್ಟ ಮೇಲೆ ನೈತಿಕವಿಧಿಯ ಮಾತಿಗೆ ಆಧಾರವೆಲ್ಲಿದೆಯೆಂದು ಕೇಳಿ, ಅದೇ ವಿವಾದವನ್ನು ವಿಶ್ವಾಸಿಗಳ ಕಡೆಯಿಂದ ಮತ್ತೆ ತೆರೆದಳು.