ಛೇದದಲ್ಲಿ ಕೂತ ಇಬ್ಬರು

ಬೆಂಗಳೂರಿನ ದರ್ಶಿನಿಯ ಕೌಂಟರಿನಲ್ಲಿ ‘ಒಂದು ಬೈಟು’ ಅಂದರೆ ಒಂದು ಕಾಫಿ ಎರಡು ಲೋಟಕ್ಕೆ ಬೀಳುತ್ತದೆ. ಮಾತು ಇಂಗ್ಲಿಷಿನದು, ಅದೂ ಲೆಕ್ಕದ ಪಾಠದ್ದು. 1/2 ಅನ್ನು ಶಾಲೆಯಲ್ಲಿ ‘ಒನ್ ಬೈ ಟೂ’ ಎಂದು ಓದಿಸುತ್ತಾರೆ. ಹೋಟೆಲಿಗೆ ಬಂದ ಮೇಲೆ ‘ಒನ್’ ಉದುರಿತು, ‘ಟೂ’ ತನ್ನ ದೀರ್ಘವನ್ನು ಕಳಚಿಕೊಂಡಿತು. ಕಾರು, ಬಸ್ಸುಗಳಿಗೆ ಕನ್ನಡ ಹೊಲಿದುಕೊಟ್ಟ ಉಕಾರ ಇದಕ್ಕೆ ಹುಟ್ಟಿನಿಂದಲೇ ಇತ್ತು. ಹೀಗಾಗಿ ಏಟು, ನೋಟು, ಓಟುಗಳ ಸಾಲಿನಲ್ಲಿ ಅದು ಅನುಮಾನಕ್ಕೆ ಎಡೆಯಿಲ್ಲದಂತೆ ನಿಂತುಬಿಟ್ಟಿತು. ‘ಅರ್ಧ’ ಎಂಬ ಒಳ್ಳೆಯ ಮಾತು ಕೈಯಲ್ಲೇ ಇರುವಾಗ ಇದೇಕೆ ಬೇಕಾಯಿತು? ಅರ್ಧ ಕಾಫಿ ಎಂದರೆ ಅಳತೆ ಮಾತ್ರ ಗೊತ್ತಾಗುತ್ತದೆ, ಎಲ್ಲೋ ಏನೋ ಕಡಿಮೆಯಾದಂತೆಯೂ ಕೇಳಿಸುತ್ತದೆ. ಬೈಟು ಎಂದರೆ ಜೊತೆಗೆ ಇನ್ನೊಬ್ಬರಿದ್ದಾರೆ ಎಂದು ಗೊತ್ತಾಗುತ್ತದೆ. ಈ ಭಿನ್ನರಾಶಿಯ ಅಂಶದಲ್ಲಿ ಕಾಫಿ ಇದೆ, ಛೇದದಲ್ಲಿ ಮನುಷ್ಯರಿದ್ದಾರೆ. ಮೂವರು ಎರಡು ಕಾಫಿ ಹಂಚಿಕೊಂಡರೆ ಅದು ‘ಟೂ ಬೈ ತ್ರೀ’.

ಹೊಸ ಕಾಫಿ ಅಂಗಡಿಗಳ ಉದ್ದನೆಯ ಮೆನು ಕಂಡು ಗೊಣಗುವವರು ಹಿಂದೆ ಆಯ್ಕೆಯೇ ಇರಲಿಲ್ಲ, ಅದೇ ಚೆಂದ ಎನ್ನುತ್ತಾರೆ. ಇದು ಸರಿಯಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಬೆರಳೆಣಿಕೆಯ ತಿಂಡಿಗಳಲ್ಲೇ ಹೆಸರು ಉಳಿಸಿಕೊಂಡು ಬಂದಿದೆ, ನಿಜ. ಆದರೆ ಇಂಥ ಕೌಂಟರುಗಳ ಮುಂದೆ ಒಂದು ನಿಮಿಷ ಕಿವಿಗೊಟ್ಟರೆ ಸಾಕು: ಸ್ಟ್ರಾಂಗ್, ಲೈಟ್, ಸಕ್ಕರೆ ಕಮ್ಮಿ, ಸಕ್ಕರೆ ಬೇಡ, ಡಿಕಾಕ್ಷನ್ ಸ್ವಲ್ಪ ಮುಂದೆ, ಹಾಲು ಬಿಸಿ ಇರಲಿ, ಬೈಟು. ಇವನ್ನು ಒಂದರೊಡನೊಂದು ಕೂಡಿಸುತ್ತಾ ಹೋದರೆ ಯಾವ ಮೆನುವಿಗೂ ಕಡಿಮೆಯಿಲ್ಲದ ಪಟ್ಟಿ ಆಗುತ್ತದೆ. ಬೋರ್ಡಿನ ಮೇಲೆ ಮಾತ್ರ ‘ಕಾಫಿ’ ಎಂದಷ್ಟೇ ಇರುತ್ತದೆ. ಉಳಿದದ್ದೆಲ್ಲ ಗಿರಾಕಿಯ ಬಾಯಲ್ಲಿ ಹುಟ್ಟಿ, ಕಾಫಿ ಬೆರೆಸುವವನ ಕಿವಿಯಲ್ಲಿ ಮುಗಿಯುತ್ತದೆ. ಹೊಸ ಅಂಗಡಿಯಲ್ಲಿ ಹಾಲು ಡಿಕಾಕ್ಷನ್ನಿನ ಬದಲು ಹಾಲು ಎಸ್ಪ್ರೆಸೊಗಳ ಪ್ರಮಾಣ ಬದಲಾಗುತ್ತದೆ, ಆದರೆ ಪ್ರತಿ ಬದಲಾವಣೆಗೂ ಒಂದು ಅಂಕಿತನಾಮ, ಒಂದು ಬೆಲೆ. ತಮಾಷೆಯೆಂದರೆ ಆ ಹೆಸರುಗಳೂ ತಮ್ಮ ಊರಿನಲ್ಲಿ ಆಡುಮಾತೇ. ಇಟಾಲಿಯನ್ನಿನಲ್ಲಿ ಲಾಟೆ ಎಂದರೆ ಬರೀ ಹಾಲು, ಮಾಕಿಯಾಟೊ ಎಂದರೆ ಕಲೆಯಾದದ್ದು. ಸ್ಟಾರ್‌ಬಕ್ಸ್ ದೊಡ್ಡ ಲೋಟಕ್ಕೆ ಕೊಟ್ಟ ‘ವೆಂಟಿ’ ಎಂಬ ಹೆಸರಿನ ಅರ್ಥ ಇಪ್ಪತ್ತು. ಅಲ್ಲಿ ಬಾಯಲ್ಲಿದ್ದ ಮಾತು ಕಡಲು ದಾಟಿ ಬೋರ್ಡು ಏರಿದಾಗ ಗಟ್ಟಿಯಾಯಿತು. ನಾವು ಅದನ್ನು ಆಡುವುದಿಲ್ಲ, ಓದಿ ಒಪ್ಪಿಸುತ್ತೇವೆ.

ಆಯ್ಕೆ ಹೆಚ್ಚಾದರೆ ತಲೆ ಕೆಡುತ್ತದೆ ಎನ್ನುವವರು ವಿಜ್ಞಾನವನ್ನೂ ಕರೆಯುತ್ತಾರೆ. 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಜಾಮಿನ ಪ್ರಯೋಗ ಹೆಸರುವಾಸಿ: 6 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ಶೇ. 30 ಮಂದಿ ಕೊಂಡರು, 24 ಬಗೆ ಇಟ್ಟಾಗ ಶೇ. 3 ಮಾತ್ರ. ಆದರೆ 2010ರಲ್ಲಿ ಇಂಥ ಐವತ್ತು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂತು. ತನಗೇನು ಬೇಕೆಂಬುದು ಮೊದಲೇ ಖಚಿತವಿಲ್ಲದಾಗ, ಸರಕುಗಳನ್ನು ಹೋಲಿಸುವುದು ಕಷ್ಟವಾದಾಗ ಆಯ್ಕೆ ಹೆಚ್ಚು ಹೊರೆಯಾಗುತ್ತದೆ ಎಂಬುದು ಆಮೇಲಿನ ವಿಮರ್ಶೆಗಳ ತಿಳಿವು. ಕಾಫಿಗೆ ಇದು ಚೆನ್ನಾಗಿ ಒಪ್ಪುತ್ತದೆ. ದರ್ಶಿನಿಗೆ ಬರುವವರು ಬೇಕಾದದ್ದನ್ನು ನಾಲಗೆಯಲ್ಲಿಟ್ಟುಕೊಂಡೇ ಬರುತ್ತಾರೆ. ಹೊಸ ಬೋರ್ಡು ಮೊದಲು ಹೆಸರುಗಳ ಪರೀಕ್ಷೆ ಇಟ್ಟು, ಆಮೇಲೆ ಬಯಕೆಯನ್ನು ಕೇಳುತ್ತದೆ.

ಇದಕ್ಕೆ ಎರಡು ಆಕ್ಷೇಪಗಳುಂಟು, ಎರಡರಲ್ಲೂ ಹುರುಳಿದೆ. ಒಂದು, ಹೊಸ ಅಂಗಡಿಯ ಬೆಲೆ ಕಾಫಿಯದಲ್ಲ, ಕುರ್ಚಿಯದು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ಮೇಲೆ, ಎದ್ದು ಹೋಗೆನ್ನುವವರಿಲ್ಲದೆ ಗಂಟೆಗಟ್ಟಲೆ ಕೂರುವ ಜಾಗ ಹುಡುಗ ಹುಡುಗಿಯರಿಗೆ ಸಿಕ್ಕಿತು. ನಿಂತೇ ಕುಡಿಯುವ ದರ್ಶಿನಿ ಅದನ್ನು ಕೊಡಲಾರದು. ಇನ್ನೊಂದು ಇದಕ್ಕಿಂತ ತೂಕದ್ದು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ನಾಡು ನಮ್ಮದು. ಆದರೂ 1990ರ ದಶಕದ ಉದಾರೀಕರಣದವರೆಗೆ ಬೆಳೆಗಾರರ ಫಸಲೆಲ್ಲ ಕಾಫಿ ಬೋರ್ಡಿನ ಒಂದೇ ರಾಶಿಗೆ ಸೇರುತ್ತಿತ್ತು, ಬೀಜ ಯಾವ ಬೆಟ್ಟದ್ದೆಂದು ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಬಂತು. ತೋಟದ ಹೆಸರು, ಹಣ್ಣನ್ನು ತೊಳೆದು ಒಣಗಿಸಿದರೋ ಇಡಿಯಾಗಿಯೋ ಎಂಬ ವಿವರ ಮೆನುವಿನಲ್ಲಿದ್ದರೆ ಅದು ಬೆಳೆಗಾರನಿಗೆ ಸಂದ ಮರ್ಯಾದೆ, ಕುಡಿಯುವವರಿಗೆ ತಿಳಿವಳಿಕೆ. ಅಂಥ ಮೆನು ಎಷ್ಟೇ ಉದ್ದವಿರಲಿ, ನಾಲಗೆ ಅದರಿಂದ ಕಲಿಯುತ್ತದೆ. ಒಂದೇ ಕಾಫಿಗೆ ಹತ್ತು ಸಿರಪ್ಪು ಸುರಿದು ಹತ್ತು ಹೆಸರಿಟ್ಟ ಪಟ್ಟಿಗೆ ಈ ಸಮರ್ಥನೆ ಸಲ್ಲುವುದಿಲ್ಲ.

ಹಾಗಾಗಿ ಮೆನುವನ್ನು ಅಳೆಯಲು ಸಾಲುಗಳ ಎಣಿಕೆ ಸಾಲದು, ಬೈಟುವನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಬೋರ್ಡಿನಲ್ಲಿ ಇಲ್ಲದ್ದನ್ನು ಬಾಯಿಬಿಟ್ಟು ಕೇಳಲು ಅಲ್ಲಿ ಜಾಗವಿದೆಯೇ? ಬೈಟು ಜಿಪುಣತನ, ಹೋಟೆಲಿನವರಿಗೆ ನಷ್ಟ ಎನ್ನುವವರಿದ್ದಾರೆ. ಇರಬಹುದು, ತೊಳೆಯಬೇಕಾದ ಲೋಟ ಎರಡಾಗುವುದಂತೂ ಖಂಡಿತ. ಆದರೂ ಆ ಮಾತು ಇಷ್ಟು ಕಾಲ ಬಾಳಿದ್ದು ಆಚೆ ಬದಿಯಲ್ಲಿ ಕೇಳಿಸಿಕೊಳ್ಳುವ ಒಬ್ಬನಿದ್ದುದರಿಂದ. ಈಗ ಆರ್ಡರು ಪರದೆಗೆ ಸರಿಯುತ್ತಿದೆ. ಅಲ್ಲಿ ಸಿರಪ್ಪಿಗೊಂದು ಗುಂಡಿ, ಓಟ್ಸ್ ಹಾಲಿಗೊಂದು ಗುಂಡಿ, ಲೋಟದ ಗಾತ್ರಕ್ಕೆ ಮೂರು. ‘ನಾವಿಬ್ಬರು’ ಎನ್ನಲು ಒಂದೂ ಇಲ್ಲ.