ಶಾಲಾ ಬಸ್ಸಿನಲ್ಲಿ ಶಿಸ್ತು: ಯಾರ ಕೆಲಸ, ಹೇಗೆ?

ಬೆಂಗಳೂರಿನಂಥ ಊರಿನಲ್ಲಿ ದೂರದ ಸ್ಟಾಪಿನಿಂದ ಬರುವ ಮಗು ದಿನಕ್ಕೆ ಎರಡು ಪೀರಿಯಡ್‌ಗಿಂತ ಹೆಚ್ಚು ಹೊತ್ತನ್ನು ಶಾಲಾ ಬಸ್ಸಿನಲ್ಲೇ ಕಳೆಯುತ್ತದೆ. ಎಲ್‌ಕೆಜಿಯ ಮಗುವೂ ಹತ್ತನೇ ತರಗತಿಯ ಹುಡುಗನೂ ಅಷ್ಟು ಹೊತ್ತು ಒಟ್ಟಿಗೆ ಕೂರುವ ಜಾಗ ಶಾಲೆಯ ಆವರಣದಲ್ಲಿ ಬೇರೆ ಇಲ್ಲ. ಅಲ್ಲಿ ಟೀಚರ್ ಇರುವುದಿಲ್ಲ. ಡ್ರೈವರ್ ರಸ್ತೆ ನೋಡಬೇಕು. ಉಳಿದದ್ದೆಲ್ಲ ಆಯಾ ಒಬ್ಬರ ಪಾಲಿಗೆ. ಬಸ್ಸಿನಲ್ಲಿ ಗಲಾಟೆಯಾದರೆ ‘ಈಗಿನ ಮಕ್ಕಳೇ ಹಾಗೆ’ ಎಂದುಬಿಡುವುದು ಸುಲಭ. ಆದರೆ ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಆಯಾ ಅವರ ಮಾತಿಗೆ ಶಾಲೆಯಲ್ಲಿ ಎಷ್ಟು ಬೆಲೆ ಇದೆ ಎಂಬುದರಲ್ಲೇ ಆ ಗಲಾಟೆಯ ಬಹುಪಾಲು ಅಡಗಿರುತ್ತದೆ.

ಕಾನೂನಿನಲ್ಲಿ ಇರುವುದು

1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಉರುಳಿ ಹಲವು ಮಕ್ಕಳು ಸತ್ತರು. ಅದೇ ವರ್ಷದ ಕೊನೆಯಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳೇ ಇಂದಿನ ಶಾಲಾ ಬಸ್ ನಿಯಮಗಳಿಗೆ ತಳಹದಿ. ಗಂಟೆಗೆ 40 ಕಿ.ಮೀ. ಮೀರದಂತೆ ವೇಗ ನಿಯಂತ್ರಕ, ಭಾರಿ ವಾಹನ ಓಡಿಸಿ ಕನಿಷ್ಠ 5 ವರ್ಷ ಅನುಭವವಿರುವ ಚಾಲಕ, ಮಕ್ಕಳನ್ನು ನೋಡಿಕೊಳ್ಳಲು ಅರ್ಹ ವ್ಯಕ್ತಿಯೊಬ್ಬರು ಬಸ್ಸಿನಲ್ಲಿರಬೇಕು ಎಂಬ ಷರತ್ತುಗಳು ಅಲ್ಲಿಂದ ಬಂದವು. ಕಿಟಕಿಗೆ ಅಡ್ಡ ಸರಳು, ಸೀಟಿನ ಕೆಳಗೆ ಬ್ಯಾಗ್ ಇಡಲು ಜಾಗ, ಭದ್ರವಾದ ಬಾಗಿಲ ಚಿಲಕ ಕೂಡ ಪಟ್ಟಿಯಲ್ಲಿವೆ. ಕರ್ನಾಟಕದಲ್ಲಿ ಶಾಲಾ ಮಕ್ಕಳ ವಾಹನಗಳಿಗೆಂದೇ 2012ರ ಪ್ರತ್ಯೇಕ ನಿಯಮಗಳಿವೆ.

ಇವು ಅಪಘಾತ ತಪ್ಪಿಸಲು ಬಂದ ನಿಯಮಗಳು ನಿಜ. ಆದರೆ ಬ್ಯಾಗು ಸೀಟಿನ ಕೆಳಗೆ ಹೋದರೆ ನಡುದಾರಿ ಖಾಲಿಯಾಗುತ್ತದೆ, ಎಡವುವುದು, ತಳ್ಳುವುದು ತನ್ನಷ್ಟಕ್ಕೆ ಕಡಿಮೆಯಾಗುತ್ತದೆ. ನಿಂತು ಪ್ರಯಾಣಿಸುವ ಮಕ್ಕಳಿಲ್ಲದ ಬಸ್ಸಿನಲ್ಲಿ ಜಗಳಕ್ಕೆ ಕಾರಣಗಳೂ ಕಡಿಮೆ.

ಕನ್ನಡಿಯಲ್ಲಿ ಕಾಣುವುದು ಎಷ್ಟು?

40 ಕಿ.ಮೀ. ವೇಗದಲ್ಲಿ ಬಸ್ಸು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ‘ಏಯ್, ಯಾರದು ಹಿಂದೆ?’ ಎಂದು ಡ್ರೈವರ್ ಎರಡು ಸೆಕೆಂಡು ಒಳಗನ್ನಡಿ ನೋಡಿದರೆ 22 ಮೀಟರ್ ದಾರಿ ನೋಡದೆ ಹೋದಂತೆ. ಹಾಗಾಗಿ ಶಿಸ್ತು ಕಾಯುವ ಕೆಲಸ ಡ್ರೈವರಿಗೆ ಸೇರಬಾರದು. ಸಹಿಸಲಾಗದಷ್ಟು ಗದ್ದಲವಾದರೆ ಅವರು ಮಾಡಬಹುದಾದದ್ದು ಒಂದೇ: ಸುರಕ್ಷಿತ ಜಾಗ ನೋಡಿ ಬಸ್ ನಿಲ್ಲಿಸಿ, ಮಾತಾಡದೆ ಕಾಯುವುದು. ಕೂಗಾಟಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಗೆ ತಡವಾಗುವುದು ಯಾವ ಮಗುವಿಗೂ ಬೇಡ.

ಅಮೆರಿಕದಲ್ಲಿ ಈ ತೊಡಕು ಇನ್ನೂ ದೊಡ್ಡದು. ಅಲ್ಲಿನ ಹಳದಿ ಬಸ್ಸಿನಲ್ಲಿ ಸಾಮಾನ್ಯವಾಗಿ ಡ್ರೈವರ್ ಬಿಟ್ಟರೆ ಬೇರೆ ಹಿರಿಯರಿರುವುದಿಲ್ಲ. ಸಹಾಯಕರು ಇರುವುದು ಹೆಚ್ಚಾಗಿ ವಿಶೇಷ ಅಗತ್ಯದ ಮಕ್ಕಳಿರುವ ಬಸ್ಸುಗಳಲ್ಲಿ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಕರೆದ ಸಭೆ ಬಸ್ಸಿನ ಬಣ್ಣ, ಅಳತೆಗಳನ್ನು ಗೊತ್ತುಮಾಡಿತು. 1977ರಲ್ಲಿ ಬಂದ ಸುರಕ್ಷತಾ ನಿಯಮ ಸೀಟಿನ ಬೆನ್ನನ್ನು ಎತ್ತರಿಸಿ, ಮೆತ್ತೆ ಹಾಕಿಸಿತು. ಡಿಕ್ಕಿಯಾದಾಗ ಮಗುವನ್ನು ಉಳಿಸುವ ಆ ಎತ್ತರದ ಸೀಟೇ ಚಿಕ್ಕ ಮಕ್ಕಳನ್ನು ಡ್ರೈವರಿನ ಕಣ್ಣಿನಿಂದ ಮರೆಮಾಡುತ್ತದೆ. ಅಲ್ಲಿ ಕ್ಯಾಮೆರಾ ಅಷ್ಟೊಂದು ಹಬ್ಬಲು ಇದೂ ಒಂದು ಕಾರಣ.

ಆಯಾ

ನಮ್ಮಲ್ಲಿ ಕನಿಷ್ಠ ಆಯಾ ಇದ್ದಾರೆ. ತೊಂದರೆ ಇರುವುದು ಅವರ ಸ್ಥಾನದಲ್ಲಿ. ಕಡಿಮೆ ಸಂಬಳ, ತರಬೇತಿ ಇಲ್ಲ. ಅನೇಕ ಶಾಲೆಗಳಲ್ಲಿ ಮಧ್ಯಾಹ್ನ ಕಸ ಗುಡಿಸುವವರೂ ಬೆಳಿಗ್ಗೆ ಬಸ್ಸಿನಲ್ಲಿ ಬರುವವರೂ ಒಬ್ಬರೇ. ಎಂಟನೇ ತರಗತಿಯ ಹುಡುಗನಿಗೆ ಇದು ಗೊತ್ತು. ‘ಆಂಟಿ, ನೀವು ಟೀಚರಾ?’ ಎಂದು ಕೇಳಿದ ಮೇಲೆ ಅವರ ಬಾಯಿ ಕಟ್ಟಿಹೋಗುತ್ತದೆ. ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಅವರನ್ನು ಹೊರಗಿಡುವ ಮಕ್ಕಳೂ ಇದ್ದಾರೆ.

ಇದಕ್ಕೆ ಮದ್ದು ಶಾಲೆಯ ಕೈಯಲ್ಲಿದೆ. ಜೂನ್ ತಿಂಗಳಲ್ಲಿ ತರಗತಿ ಶುರುವಾದ ವಾರವೇ ಮುಖ್ಯೋಪಾಧ್ಯಾಯರು ಬಸ್ ಹತ್ತಿ, ಎಲ್ಲರೆದುರು ಆಯಾ ಅವರ ಹೆಸರು ಹೇಳಿ, ಇಲ್ಲಿ ಇವರ ಮಾತೇ ನನ್ನ ಮಾತು ಎಂದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ, ಅವರು ಕೊಟ್ಟ ದೂರಿಗೆ ಅದೇ ದಿನ ಯಾರಾದರೂ ಉತ್ತರಿಸುವುದು. ಬರೆಯಲು ಬಾರದವರಾದರೆ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಒಬ್ಬ ಟೀಚರ್ ಬೇಕು.

ಇನ್ನೊಂದು ಸಣ್ಣ ವಿಷಯ. ಆಯಾ ಕೂರುವುದು ಬಾಗಿಲ ಪಕ್ಕ, ರಗಳೆ ನಡೆಯುವುದು ಕೊನೆಯ ಸಾಲಿನಲ್ಲಿ. ಸ್ಟಾಪುಗಳ ನಡುವೆ ದೂರವಿರುವ ಕಡೆಯಲ್ಲಾದರೂ ಅವರು ಬಸ್ಸಿನ ನಡುಭಾಗದ ಸೀಟಿಗೆ ಬಂದು ಕೂತರೆ ಹಿಂದಿನವರ ದನಿ ಇಳಿಯುತ್ತದೆ. ಟ್ರಿಪ್ ಮುಗಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ನೋಡಿ ಬರುವುದೂ ಅವರದೇ ಕೆಲಸ. ನಿದ್ದೆ ಹೋದ ಮಗು ಸೀಟಿನ ಮರೆಯಲ್ಲಿ ಕಾಣುವುದಿಲ್ಲ.

ಸೀಟು ಹಿಡಿಯುವ ರಾಜಕೀಯ

ಬ್ಯಾಗ್ ಇಟ್ಟು ಸೀಟು ಹಿಡಿಯುವ ಕಲೆ ನಾವು ಸಾರಿಗೆ ಬಸ್ಸಿನಲ್ಲಿ ಕಲಿತದ್ದು, ಮಕ್ಕಳಿಗೂ ಬಂದಿದೆ. ಕಿಟಕಿ ಪಕ್ಕಕ್ಕೆ ಪೈಪೋಟಿ, ಕೊನೆಯ ಸಾಲು ದೊಡ್ಡವರ ಆಸ್ತಿ. ಅದಕ್ಕೇ ಹೆಸರು ಬರೆದ ಸೀಟು ಪಟ್ಟಿ ಬೇಕು. ಚಿಕ್ಕವರು ಮತ್ತು ವಾಂತಿಯಾಗುವವರು ಮುಂದೆ, ಪದೇ ಪದೇ ಜಗಳವಾಡುವವರು ದೂರ ದೂರ, ಕಿಟಕಿ ಸರದಿಯಂತೆ ಎಂಬುದು ಸಾಮಾನ್ಯ ಕ್ರಮ. ಪಟ್ಟಿಯ ನಿಜವಾದ ಉಪಕಾರ ಗದ್ದಲ ತಗ್ಗುವುದಲ್ಲ ಎಂದು ನನಗೆ ಅನಿಸುತ್ತದೆ. ‘ಇಲ್ಲಿ ಜಾಗ ಇಲ್ಲ’ ಎಂದು ನಾಲ್ಕು ಸೀಟಿನವರಿಂದ ಕೇಳಿಸಿಕೊಂಡು ನಡುದಾರಿಯಲ್ಲಿ ನಿಲ್ಲುವ ಮಗು ಪ್ರತಿ ಬಸ್ಸಿನಲ್ಲೂ ಒಂದಿರುತ್ತದೆ. ಪಟ್ಟಿಯಿದ್ದರೆ ಆ ಮಗು ಯಾರನ್ನೂ ಬೇಡಬೇಕಾಗಿಲ್ಲ.

ಸಂಜೆಯ ಟ್ರಿಪ್

ಬೆಳಿಗ್ಗೆ ಮಕ್ಕಳು ಅರೆನಿದ್ದೆಯಲ್ಲಿರುತ್ತಾರೆ. ಸಂಜೆ ಹಸಿವು, ದಣಿವು, ಇಡೀ ದಿನ ಬಾಯಿ ಮುಚ್ಚಿ ಕೂತ ಸಿಟ್ಟು ಎಲ್ಲ ಒಟ್ಟಾಗುತ್ತವೆ. ಹೊಡೆದಾಟಗಳು ಬಸ್ ಹೊರಡುವ ಮೊದಲೇ, ಉಳಿದ ತರಗತಿಯವರಿಗೆ ಕಾಯುತ್ತ ಬಿಸಿಲಲ್ಲಿ ನಿಂತಾಗಲೇ ಶುರುವಾಗುತ್ತವೆ. ಆ ಹೊತ್ತಿಗೆ ಒಬ್ಬ ಟೀಚರ್ ಬಸ್ಸಿನ ಬಳಿ ಇದ್ದರೆ ಸಾಕು. ತಿಂಡಿ ತಿನ್ನಲೂ ಅದೇ ಸಮಯ. ಓಡುವ ಬಸ್ಸಿನಲ್ಲಿ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಬಸ್ ಹೊರಟ ಮೇಲೆ ಆಡಿಸುವ ಅಂತ್ಯಾಕ್ಷರಿ ಸದ್ದು ಮಾಡುತ್ತದೆ ನಿಜ, ಆದರೆ ಕೂತಲ್ಲೇ ಕೂರಿಸುತ್ತದೆ.

ಕೀಟಲೆ, ಕಾಟ

ಜಡೆ ಎಳೆಯುವುದು ಕೀಟಲೆ. ಅದೇ ಮಗುವಿನ ಜಡೆಯನ್ನು ಅದೇ ಗುಂಪು ದಿನಾ ಎಳೆದರೆ ಕಾಟ. ಮೊದಲನೆಯದನ್ನು ಆಯಾ ಅಲ್ಲೇ ಬಗೆಹರಿಸಬಹುದು, ಎರಡನೆಯದು ಶಾಲೆಗೆ ಹೋಗಲೇಬೇಕು. ಬಸ್ ಬರುವ ಹೊತ್ತಿಗೆ ಹೊಟ್ಟೆನೋವು, ‘ಅಪ್ಪಾ, ನೀನೇ ಬಿಟ್ಟು ಬಾ’ ಎಂಬ ಹಟ ಕಂಡರೆ ಮನೆಯವರು ವಿಚಾರಿಸಬೇಕು. ಲೈಂಗಿಕ ಕಿರುಕುಳದ ಶಂಕೆಯಿದ್ದರೆ ಅದು ಶಿಸ್ತಿನ ಪ್ರಶ್ನೆಯೇ ಅಲ್ಲ. ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಶಿಕ್ಷೆಯ ಮಿತಿ

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬಸ್ಸು ಶಾಲೆಯದೇ ಆದ್ದರಿಂದ ಅಲ್ಲಿ ಕಿವಿ ಹಿಂಡಬಹುದು ಎನ್ನಲು ಯಾವ ಆಧಾರವೂ ಇಲ್ಲ. ಎಂಟನೇ ತರಗತಿವರೆಗಿನ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹಾಗಾಗಿ ‘ಟಿ.ಸಿ. ಕೊಟ್ಟು ಕಳಿಸ್ತೀವಿ’ ಎಂಬ ಬೆದರಿಕೆ ಟೊಳ್ಳು. ಓಡುವ ಬಸ್ಸಿನಲ್ಲಿ ನಿಲ್ಲಿಸುವುದು, ನಡುದಾರಿಯಲ್ಲಿ ಇಳಿಸುವುದು ಯಾವ ಕಾರಣಕ್ಕೂ ಸಲ್ಲದು.

ಉಳಿಯುವುದು ಸೀಟು ಬದಲಿಸುವುದು, ಡೈರಿಯಲ್ಲಿ ಬರೆಯುವುದು, ಪೋಷಕರನ್ನು ಕರೆಸುವುದು, ಕೊನೆಗೆ ಕೆಲವು ದಿನ ಆ ಮಗುವಿಗೆ ಬಸ್ ಸೌಲಭ್ಯ ನಿಲ್ಲಿಸುವುದು. ಕೊನೆಯದರ ಪೆಟ್ಟು ಬೀಳುವುದು ಕೆಲಸಕ್ಕೆ ಹೋಗುವ ತಾಯಿಯ ಮೇಲೆ. ಅಮೆರಿಕದಲ್ಲಿ ಅಂಗವೈಕಲ್ಯವಿರುವ ಮಗುವಿನ ಕಲಿಕಾ ಯೋಜನೆಯಲ್ಲಿ ಬಸ್ ಸೌಲಭ್ಯ ಸೇರಿದ್ದರೆ, ಬದಲಿ ವಾಹನ ಕೊಡದೆ ಬಸ್ ನಿಲ್ಲಿಸಿದ ದಿನಗಳನ್ನು ಶಾಲೆಯಿಂದಲೇ ಅಮಾನತು ಮಾಡಿದ ದಿನಗಳೆಂದು ಎಣಿಸುತ್ತಾರೆ.

ವ್ಯಾನಿನ ಲೋಕ

ಖಾಸಗಿ ವ್ಯಾನುಗಳಲ್ಲಿ ಆಯಾ ಇಲ್ಲ, ಸೀಟು ಪಟ್ಟಿ ಇಲ್ಲ. ‘ಅದು ನಮ್ಮ ವಾಹನವಲ್ಲ’ ಎಂದು ಶಾಲೆ ಕೈತೊಳೆದುಕೊಳ್ಳುತ್ತದೆ. ಒಂದೇ ವ್ಯಾನಿನಲ್ಲಿ ಎರಡು ಮೂರು ಶಾಲೆಯ ಮಕ್ಕಳಿದ್ದರೆ ಜಗಳವನ್ನು ವಿಚಾರಿಸುವ ಹೆಡ್‌ಮಿಸ್ಸೇ ಇರುವುದಿಲ್ಲ. ಡ್ರೈವರ್ ಅಂಕಲ್ ಇಬ್ಬರ ಮನೆಗೂ ಫೋನ್ ಮಾಡಿ, ‘ನಾಳೆಯಿಂದ ಒಬ್ಬನ್ನ ಹಿಂದಿನಿಂದ ನಡುವಿನ ಸೀಟಿಗೆ ಹಾಕ್ತೀನಿ ಮೇಡಂ, ನೀವೂ ಸ್ವಲ್ಪ ಹೇಳಿ’ ಎನ್ನುತ್ತಾರೆ.