ಹುನ್ನೂರಿನ ವಿಠ್ಠಲನೂ 2175 ಅಡಿಯ ಲೆಕ್ಕವೂ

ಮಳೆಗಾಲ ಹಿಡಿಯಿತೆಂದರೆ ನಮ್ಮ ಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಕಾಣಿಸಿಕೊಳ್ಳುತ್ತದೆ. ಬೇರೆ ಊರಿನವರು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗಬಹುದು. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಹೊಳೆದಂಡೆಯ ಜನ ಹಾಗೆ ಮಾಡಲಾರರು. ಅವರು ಮೊದಲು ಹುಡುಕುವುದೇ ಹಿಡಕಲ್ ಜಲಾಶಯದ ಸಾಲನ್ನು. ಗರಿಷ್ಠ ಮಟ್ಟ 2175 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಈ ನಾಲ್ಕು ಅಂಕಿಗಳನ್ನು ನೋಡಿಯೇ ಅಲ್ಲಿ ದನಕರುಗಳನ್ನು ಮೇಲಿನ ಜಾಗಕ್ಕೆ ಹೊಡೆಯಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ.

2175 ಅಡಿ ಎಂದರೆ ಜಲಾಶಯದ ಆಳವಲ್ಲ. ಸಮುದ್ರಮಟ್ಟದಿಂದ ಅಳೆದ ಎತ್ತರ. ನೀರು ಅಲ್ಲಿಗೆ ಮುಟ್ಟಿದರೆ ಘಟಪ್ರಭೆಯ ಕಣಿವೆಯಲ್ಲಿ ಸುಮಾರು 51 ಟಿಎಂಸಿ ನೀರು ನಿಂತಿರುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸಹಜವಾದ ದೊಡ್ಡ ಸರೋವರಗಳು ನಮ್ಮ ಬಯಲುನಾಡಿಗೆ ಅಪರೂಪ. ನಮ್ಮ ಸಮುದ್ರದಂಥ ಸಿಹಿನೀರೆಲ್ಲ ಬಹುಮಟ್ಟಿಗೆ ಮನುಷ್ಯ ಕಟ್ಟಿ ನಿಲ್ಲಿಸಿದ್ದೇ. ಸಹಜ ಸರೋವರಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಮಿಷಿಗನ್ ಮತ್ತು ಹ್ಯೂರನ್‌ಗಳ ಮಟ್ಟವನ್ನು ನೂರು ವರ್ಷಕ್ಕೂ ಮೀರಿ ಅಳೆದಿದ್ದಾರೆ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ ಕಂಡ ಅಂತರ ಸುಮಾರು ಆರು ಅಡಿ. ಹಿಡಕಲ್ ಒಂದೇ ವರ್ಷದಲ್ಲಿ ಹತ್ತಾರು ಅಡಿ ಏರಿ ಹತ್ತಾರು ಅಡಿ ಇಳಿಯುತ್ತದೆ. ಅದು ಸರೋವರವೂ ಹೌದು, ಖರ್ಚಿಗೆಂದು ಇಟ್ಟ ಕಣಜವೂ ಹೌದು.

ಈ ಏರಿಳಿತವನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಹುನ್ನೂರಿನ ವಿಠ್ಠಲ ದೇವಾಲಯ. ಹುಕ್ಕೇರಿ ತಾಲ್ಲೂಕಿನ ಈ ಕಲ್ಲಿನ ಗುಡಿ ಜಲಾಶಯದ ಮುಳುಗಡೆ ಪ್ರದೇಶದಲ್ಲಿದೆ. ವರ್ಷದ ಬಹುಭಾಗ ಅದು ನೀರಿನೊಳಗೇ ಇರುತ್ತದೆ. ಕಾಲುವೆಗಳಿಗೆ ನೀರು ಬಿಟ್ಟು ಬಿಟ್ಟು ಜಲಾಶಯ ಇಳಿದಂತೆ ಬೇಸಿಗೆಯಲ್ಲಿ ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಬಾಗಿಲು ತೋರುತ್ತವೆ. ಆಗ ಭಕ್ತರು ಕೆಸರು ದಾಟಿ ದರ್ಶನಕ್ಕೆ ಬರುತ್ತಾರೆ. ಪಂಢರಪುರದ ಕಡೆಗೆ ಮನಸ್ಸಿಟ್ಟ ಈ ಗಡಿನಾಡಿನಲ್ಲಿ ವಿಠ್ಠಲನ ಗುಡಿ ಇರುವುದು ವಿಶೇಷವಲ್ಲ. ಆದರೆ ಆಷಾಢ ಏಕಾದಶಿಯ ಹೊತ್ತಿಗೆ ಎಲ್ಲ ಕಡೆ ವಿಠ್ಠಲನ ಗುಡಿಗಳಲ್ಲಿ ಜಾತ್ರೆ ಸೇರಿದಾಗ, ಮಳೆ ಹಿಡಿದಿದ್ದರೆ, ಇಲ್ಲಿಯವನು ನೀರಿಗಿಳಿಯುವ ಸಿದ್ಧತೆಯಲ್ಲಿರುತ್ತಾನೆ. ಹೇಮಾವತಿ ಜಲಾಶಯದ ಶೆಟ್ಟಿಹಳ್ಳಿಯ ಇಗರ್ಜಿ, ಮಹಾರಾಷ್ಟ್ರದ ಉಜನಿ ಜಲಾಶಯದ ಪಳಸದೇವ ದೇವಾಲಯ ಇವನ ಒಡನಾಡಿಗಳು. ಪ್ರವಾಸಿಗರಿಗೆ ಇವೆಲ್ಲ ಸುಂದರ ಚಿತ್ರ. ಮುಳುಗಿದ ಊರಿನವರಿಗೆ ಗುಡಿಯ ಸುತ್ತ ಕಾಣುವ ತಳಪಾಯಗಳೂ ನೆನಪಿನಲ್ಲಿರುತ್ತವೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಈ ನೀರನ್ನು ಕಟ್ಟಿ ನಿಲ್ಲಿಸುವ ಯೋಚನೆಯ ಮೂಲವಿರುವುದು ನೀರಿಲ್ಲದ ಕಾಲದಲ್ಲಿ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರ ದಕ್ಷಿಣ ಭಾರತದ ಒಳನಾಡನ್ನು ಬರಿದು ಮಾಡಿತು. ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳು ಅದರ ಹೊಡೆತಕ್ಕೆ ನೇರವಾಗಿ ಸಿಕ್ಕವು. ವಿಪರ್ಯಾಸವೆಂದರೆ ಹೊಳೆಯ ತಲೆಗೆ ಮಳೆಯ ಕೊರತೆ ಎಂದೂ ಇಲ್ಲ. ಘಟಪ್ರಭೆಯ ಉಪನದಿ ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದಿಂದ ಒಂದು ದಿನದ ದಾರಿ ಪೂರ್ವಕ್ಕೆ ಬಂದರೆ ಗೋಕಾಕದಲ್ಲಿ ಅದರ ಹತ್ತರಲ್ಲೊಂದು ಪಾಲು ಸಿಕ್ಕರೆ ಹೆಚ್ಚು. ಮಳೆ ಬೀಳುವಲ್ಲಿ ಹೊಲವಿಲ್ಲ, ಹೊಲವಿರುವಲ್ಲಿ ಮಳೆಯಿಲ್ಲ. ಹೊಳೆ ಮಾತ್ರ ಎರಡನ್ನೂ ಕೂಡಿಸುತ್ತ, ಮೂರು ತಿಂಗಳು ಮೈದುಂಬಿ ಹರಿದು ಆಮೇಲೆ ಸೊರಗುತ್ತಿತ್ತು.

ಬರದ ನಂತರದ ಎರಡು ದಶಕಗಳಲ್ಲಿ ಈ ಹೊಳೆಯ ಮೇಲೆ ಎರಡು ಬಗೆಯ ಕಣ್ಣುಗಳು ಬಿದ್ದವು. ಒಂದು ನೀರಾವರಿ ಎಂಜಿನಿಯರರದು, ಇನ್ನೊಂದು ಗಿರಣಿ ಮಾಲೀಕರದು. ಗೋಕಾಕ ಪಟ್ಟಣಕ್ಕೆ ತುಸು ಮೇಲೆ ಘಟಪ್ರಭೆ ಮರಳುಗಲ್ಲಿನ ಬಂಡೆಯ ಮೇಲಿಂದ 171 ಅಡಿ ಧುಮುಕುತ್ತದೆ. ಕುದುರೆಲಾಳದ ಆಕಾರದ ಆ ಜಲಪಾತದ ದಂಡೆಯಲ್ಲೇ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು. ಧುಮುಕುವ ನೀರಿನ ಬಲವನ್ನೇ ದುಡಿಸಿಕೊಂಡಿತು. 1887ರ ಹೊತ್ತಿಗೆ ಇಲ್ಲಿ ಜಲಶಕ್ತಿಯ ಬಳಕೆ ಆರಂಭವಾಯಿತೆಂದು ಊರವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಗೋಕಾಕವೆಂದರೆ ಕರದಂಟು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಜಲಪಾತಕ್ಕೂ ಮೇಲೆ ಧೂಪದಾಳದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡು 1897ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯೇ ಮುಂದೆ ಬೆಳೆದು ಇಂದಿನ ಘಟಪ್ರಭಾ ಯೋಜನೆಯ ಮೊದಲ ಹಂತವಾಯಿತು. ಒಡ್ಡಿನ ಹಿಂದೆ ನಿಂತ ನೀರಿಗೆ ಹಕ್ಕಿಗಳೂ ಬರತೊಡಗಿ, 1974ರಲ್ಲಿ ಅದು ಪಕ್ಷಿಧಾಮವೆಂದು ಘೋಷಣೆಯಾಯಿತು. ಚಳಿಗಾಲದಲ್ಲಿ ಸಾವಿರಾರು ಮೈಲಿ ದಾಟಿ ಇಲ್ಲಿಗೆ ಬರುವ ಕೊಕ್ಕರೆಗಳಿಗೆ ಈ ನೀರು ಮನುಷ್ಯ ಕಟ್ಟಿದ್ದೋ ದೇವರು ಕೊಟ್ಟಿದ್ದೋ ಎಂಬ ವ್ಯತ್ಯಾಸ ತಿಳಿಯದು.

ಇನ್ನೂ ಹಿಂದಕ್ಕೆ ಹೋಗುವ ಕುತೂಹಲವುಳ್ಳವರಿಗೆ ಒಂದು ಸಂಗತಿ ಇದೆ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಸಮೀಪದ ಮಣ್ಣಿನಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವರ್ಣಿಸಿ, ಅದಕ್ಕೆ ದಕ್ಖನ್ನಿನ ಹೆಸರನ್ನೇ ಇಟ್ಟ. ಇಂದು ಬಿಸಿಲಿಗೆ ಬಿರಿಯುವ ಈ ಎರೆ ನೆಲ ಆ ಪ್ರಾಣಿಗೆ ಸಾಕಾಗುವಷ್ಟು ನೀರು, ಹಸಿರು ಹೊಂದಿದ್ದ ಕಾಲವೂ ಒಂದಿತ್ತು.

ಧೂಪದಾಳದ ಒಡ್ಡಿಗೆ ನೀರನ್ನು ತಿರುಗಿಸುವ ಶಕ್ತಿಯಿತ್ತೇ ಹೊರತು ಕೂಡಿಡುವ ಶಕ್ತಿ ಇರಲಿಲ್ಲ. ಕೂಡಿಡುವ ಕೆಲಸ ಸ್ವಾತಂತ್ರ್ಯದ ನಂತರ ಹಿಡಕಲ್ಲಿಗೆ ಬಂತು. ಅಣೆಕಟ್ಟನ್ನು ಒಂದೇ ಏಟಿಗೆ ಕಟ್ಟಲಿಲ್ಲ. ಎರಡನೆಯ ಹಂತದಲ್ಲಿ ಅರ್ಧಕ್ಕಿಂತ ಕಡಿಮೆ ನೀರು ನಿಲ್ಲುವಷ್ಟು ಎತ್ತರ. ಮೂರನೆಯ ಹಂತದಲ್ಲಿ ಪೂರ್ಣ ಎತ್ತರ, ಜೊತೆಗೆ ಬಲದಂಡೆ ಕಾಲುವೆ. 1977ರ ಹೊತ್ತಿಗೆ ಅಣೆಕಟ್ಟು ಪೂರ್ಣಗೊಂಡಿತು. ವಂಟಮುರಿಯ ಸರದೇಸಾಯಿ ರಾಜಾ ಲಖಮಗೌಡರ ಹೆಸರು ಜಲಾಶಯಕ್ಕೆ ಬಂತು. ಬೆಳಗಾವಿಯ ಕಾನೂನು ಕಾಲೇಜಿನಿಂದಲೂ ಆ ಹೆಸರು ನಾಡಿಗೆ ಪರಿಚಿತ.

ಹಂತಹಂತವಾಗಿ ಕಟ್ಟಿದ್ದರ ಅರ್ಥವನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಅಣೆಕಟ್ಟು ಒಂದು ಮಟ್ಟಕ್ಕೆ ಏರಿದಾಗ ಮುಳುಗಿದ್ದು ಕಣಿವೆಯ ತಳ. ಇನ್ನಷ್ಟು ಏರಿದಾಗ ಮುಳುಗಿದ್ದು ಅದರ ಎರಡೂ ಬದಿಯ ಇಳಿಜಾರು. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಕೆಳಗಿನ ಹತ್ತು ಅಡಿಗಿಂತ ಮೇಲಿನ ಹತ್ತು ಅಡಿಯಲ್ಲಿ ಬಹಳ ಹೆಚ್ಚು ನೀರು ಹಿಡಿಯುತ್ತದೆ. ಹೆಚ್ಚು ಹೊಲವೂ ಹೋಗುತ್ತದೆ.

ಈಗ ಪ್ರವಾಹದ ಮಾತು. ಜಲಾಶಯ ಕಟ್ಟಿದ ಮೇಲೆ ಮಹಾಪೂರದ ಭಯ ತೀರಿತು ಎಂಬ ನಂಬಿಕೆ ಕೆಳದಂಡೆಯಲ್ಲಿ ಬಹುಕಾಲ ಇತ್ತು. ಸಣ್ಣ ಪುಟ್ಟ ನೆರೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಪೂರ್ತಿ ಬರಿದಾದ ಹಿಡಕಲ್ ಕೂಡ ಆ ವೇಗದಲ್ಲಿ ಆರು ದಿನಕ್ಕೆ ತುಂಬುತ್ತದೆ. ಹತ್ತು ಟಿಎಂಸಿಗೆ ಮಾತ್ರ ಜಾಗ ಉಳಿದಿದ್ದರೆ ಒಂದೂಕಾಲು ದಿನವೂ ಹಿಡಿಯದು. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು.

ಎಂಜಿನಿಯರರ ಇಕ್ಕಟ್ಟು ಇಲ್ಲಿದೆ. ರೈತನಿಗೆ ಬೇಕಾದದ್ದು ತುಂಬಿದ ಜಲಾಶಯ. ಹೊಳೆದಂಡೆಯ ಊರಿಗೆ ಬೇಕಾದದ್ದು ತುಸು ಖಾಲಿಯಾದ ಜಲಾಶಯ. ಜುಲೈನಲ್ಲೇ ಬಾಗಿಲು ತೆರೆದು ಜಾಗ ಮಾಡಿಟ್ಟು, ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ, ಬೇಸಿಗೆಯಲ್ಲಿ ಕಾಲುವೆ ಒಣಗಿದಾಗ ಬೈಗುಳ ಯಾರಿಗೆ? ತುಂಬಿಸಿಟ್ಟು ಘಟ್ಟದಲ್ಲಿ ಮಳೆ ಮುರಿದು ಬಿದ್ದರೆ ಬೈಗುಳ ಯಾರಿಗೆ? ಎರಡೂ ಬಾರಿ ಅವರಿಗೇ.

2019 ಈ ಇಕ್ಕಟ್ಟನ್ನು ಒಂದೇ ವರ್ಷದಲ್ಲಿ ಎರಡೂ ತುದಿಗಳಿಂದ ತೋರಿಸಿತು. ಆ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದಲ್ಲಿ ಕುಡಿಯುವ ನೀರಿಗೆ ಪರದಾಟ. ಮಹಾರಾಷ್ಟ್ರದಿಂದ ನೀರು ಬಿಡಿಸಬೇಕೆಂಬ ಬೇಡಿಕೆ. ಆಗಸ್ಟಿನ ಮೊದಲ ವಾರ ಮುಗಿಯುವಷ್ಟರಲ್ಲಿ ಅದೇ ಜಿಲ್ಲೆ ನೀರಿನಲ್ಲಿ ಮುಳುಗಿತ್ತು. ಗೋಕಾಕ ಪಟ್ಟಣದ ಸ್ಥಿತಿ ವಿಶೇಷ. ಹಿಡಕಲ್ಲಿನಿಂದ ಬಿಟ್ಟ ನೀರಷ್ಟೇ ಅದಕ್ಕೆ ಬರುವುದಿಲ್ಲ. ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಸೇರುತ್ತದೆ. ಅದಕ್ಕೆ ಹಿಡಕಲ್ಲಿನ ಬಾಗಿಲುಗಳ ಹಂಗಿಲ್ಲ. ಪಟ್ಟಣದ ಬಳಿ ಮಾರ್ಕಂಡೇಯ ಬಂದು ಕೂಡುತ್ತದೆ. ಘಟಪ್ರಭೆ ಉಕ್ಕಿ ನಿಂತಾಗ ಮಾರ್ಕಂಡೇಯಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಅದು ಹಿಮ್ಮೆಟ್ಟಿ ಓಣಿಗಳಿಗೆ ನುಗ್ಗುತ್ತದೆ. ಲೋಳಸೂರ ಸೇತುವೆ ಮುಳುಗಿತೆಂಬ ಸುದ್ದಿ ಬಂದರೆ ಊರಿನ ಪೇಟೆಯವರು ಅಂಗಡಿಯ ಸಾಮಾನು ಅಟ್ಟಕ್ಕೇರಿಸತೊಡಗುತ್ತಾರೆ. 2019ರಲ್ಲಿ ಅಟ್ಟವೂ ಸಾಲಲಿಲ್ಲ. ಅದೇ ಅಕ್ಟೋಬರಿನಲ್ಲಿ ಮಳೆ ಮತ್ತೆ ಸುರಿದಾಗ ಊರಿನ ಮೇಲಿರುವ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಜಾರತೊಡಗಿ, ಕೆಳಗಿನ ಮನೆಗಳವರು ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕಾಯಿತು. 2021ರ ಮತ್ತು 2024ರ ಜುಲೈಗಳಲ್ಲಿ ಲೋಳಸೂರ ಸೇತುವೆ ಮತ್ತೆ ನೀರಿಗೆ ಸಿಕ್ಕಿತು.

ಗೋಕಾಕದ ನೀರು ಒಂದೆರಡು ದಿನದಲ್ಲಿ ಇಳಿಯುತ್ತದೆ, ಕ್ಯಾಮೆರಾಗಳೂ ಹೋಗುತ್ತವೆ. ಹಿಂದೆ ಗೋಕಾಕ ತಾಲ್ಲೂಕಿನ ಭಾಗವೇ ಆಗಿದ್ದು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕಾದ ಮೂಡಲಗಿಯ ಕಥೆ ಹಾಗಲ್ಲ. ಸುಣಧೋಳಿ, ಅವರಾದಿಗಳಂಥ ಹೊಳೆದಂಡೆಯ ಊರುಗಳಿಗೆ ಕೆಳಮಟ್ಟದ ಸೇತುವೆಗಳ ಕಾಟ ಇದ್ದೇ ಇದೆ. ಅದಕ್ಕಿಂತ ಆಳವಾದ ತೊಂದರೆ ಯಾವ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ. ಎಡದಂಡೆ ಕಾಲುವೆ ಬಂದಮೇಲೆ ಇಲ್ಲಿ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು; ದುಡ್ಡು ಓಡಾಡಿತು, ಸಕ್ಕರೆ ಕಾರ್ಖಾನೆಗಳು ಎದ್ದವು. ಕಪ್ಪು ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಕೆಳಗೆ ಬಸಿಯಲು ಬಿಡುವುದಿಲ್ಲ. ವರ್ಷಗಟ್ಟಲೆ ಕಾಲುವೆಯ ನೀರು ಕುಡಿದ ನೆಲದೊಳಗೆ ನೀರಿನ ಮಟ್ಟ ಸದ್ದಿಲ್ಲದೆ ಏರುತ್ತದೆ. ಬೇರಿಗೆ ಹತ್ತಿರ ಬಂದ ನೀರನ್ನು ಬಿಸಿಲು ಮೇಲಕ್ಕೆಳೆದು ಆವಿ ಮಾಡುತ್ತದೆ. ನೀರಿನೊಂದಿಗೆ ಬಂದ ಉಪ್ಪು ಮಾತ್ರ ಮೇಲೆಯೇ ಉಳಿಯುತ್ತದೆ. ಇದನ್ನೇ ರೈತರು ಸವಳು-ಜವಳು ಎನ್ನುವುದು. ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣುವ ಅಂಥ ಹೊಲದಲ್ಲಿ ಕಬ್ಬು ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ. ಬಸಿಗಾಲುವೆ ತೋಡಿದರೆ, ನೀರು ಹಿತವಾಗಿ ಉಣಿಸಿದರೆ ನೆಲ ತಿರುಗಿ ಕೈಗೆ ಬರುತ್ತದೆ. ಆದರೆ ಒಬ್ಬನ ಬಸಿಗಾಲುವೆಯ ನೀರು ಇನ್ನೊಬ್ಬನ ಹೊಲದ ಮೂಲಕವೇ ಹೋಗಬೇಕಲ್ಲ. ಅಲ್ಲಿ ಭೂವಿಜ್ಞಾನ ಮುಗಿದು ಬಾಂಧವ್ಯದ ಪ್ರಶ್ನೆ ಶುರುವಾಗುತ್ತದೆ.

ಇದೆಲ್ಲದರ ನಡುವೆ ಜಲಾಶಯದ ಮೇಲೆ ಕೈಯಿಡುವವರು ಹೆಚ್ಚುತ್ತಲೇ ಇದ್ದಾರೆ. ಬೆಳಗಾವಿ ನಗರ ರಕ್ಕಸಕೊಪ್ಪದ ಜೊತೆಗೆ ಹಿಡಕಲ್ಲಿನ ನೀರನ್ನೂ ಕುಡಿಯುತ್ತದೆ. ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಇಲ್ಲಿಂದ ಕೊಳವೆಯಲ್ಲಿ ನೀರು ಒಯ್ಯುವ ಕೆಲಸಕ್ಕೆ 2025ರಲ್ಲಿ ಬೆಳಗಾವಿಯಲ್ಲಿ ವಿರೋಧ ಎದ್ದಿತು, ಪ್ರತಿಭಟನೆಗಳಾದವು. ಒಯ್ಯಬೇಕೆಂದಿದ್ದ ಪ್ರಮಾಣ ಒಂದು ಟಿಎಂಸಿಗೂ ಕಡಿಮೆ. ಆಗಸ್ಟಿನ ನೆರೆಯ ದಿನಗಳಲ್ಲಿ ಅಷ್ಟು ನೀರು ಎರಡು ಮೂರು ತಾಸಿನಲ್ಲಿ ಲೋಳಸೂರ ಸೇತುವೆಯನ್ನು ದಾಟಿ ಹೋಗುತ್ತದೆ. ಏಪ್ರಿಲ್‌ನಲ್ಲಿ, ಹುನ್ನೂರಿನ ಗುಡಿಯ ಬಾಗಿಲು ಕಾಣುವ ಹೊತ್ತಿಗೆ, ಅದರ ಒಂದೊಂದು ಹನಿಗೂ ನಾಲ್ಕು ಜನ ವಾರಸುದಾರರು.